ಒಂಬತ್ತು ತಿಂಗಳ ಮಗು ನಗುವುದನ್ನೇ ಬಿಟ್ಟಿದೆ, ಕೈ ನಡುಗುತ್ತಿದೆ: ಮೊದಲು ಯಾವ ಪರೀಕ್ಷೆ?

ಪ್ರಶ್ನೆ (ಜಗಳೂರು ತಾಲ್ಲೂಕಿನ ತಂದೆ):

ನಮ್ಮ ಗಂಡುಮಗುವಿಗೆ ಈಗ ಒಂಬತ್ತು ತಿಂಗಳು. ಹೆರಿಗೆ ಸಹಜವಾಗಿಯೇ ಆಯಿತು, ಹುಟ್ಟಿದಾಗ ತೂಕವೂ ಚೆನ್ನಾಗಿತ್ತು. ಐದನೆಯ ತಿಂಗಳ ಹೊತ್ತಿಗೆ ಕತ್ತು ನಿಂತು, ಮಾತನಾಡಿಸಿದರೆ ಕೇಕೆ ಹಾಕುತ್ತಿದ್ದವನು ಆಮೇಲೆ ಬರಬರುತ್ತಾ ಮಂಕಾಗಿದ್ದಾನೆ. ಗಿಲಕಿ ಆಡಿಸಿದರೂ ತಿರುಗಿ ನೋಡುವುದಿಲ್ಲ, ಎತ್ತಿಕೊಂಡರೆ ಕತ್ತು ವಾಲುತ್ತದೆ. ಇತ್ತೀಚೆಗೆ ಕೈ ಮತ್ತು ಗದ್ದ ಸಣ್ಣಗೆ ನಡುಗುತ್ತಿವೆ. ನಿದ್ದೆ ಹತ್ತಿದರೆ ನಡುಕ ನಿಲ್ಲುತ್ತದೆ. ಬೆರಳ ಗೆಣ್ಣುಗಳು ಮಸಿ ಹಚ್ಚಿದಂತೆ ಕಪ್ಪಾಗಿವೆ, ಕೂದಲು ತೆಳುವಾಗಿ ಕೆಂಚಗಾಗಿದೆ. ರಾಗಿ ಸರಿ ಬಾಯಿಗಿಟ್ಟರೆ ಉಗುಳುತ್ತಾನೆ, ಎದೆಹಾಲೊಂದೇ ಆಧಾರ.

ಮೊದಲು ತೋರಿಸಿದ ವೈದ್ಯರು ರಕ್ತ ಕಡಿಮೆ ಇದೆಯೆಂದು ಕಬ್ಬಿಣಾಂಶದ ಡ್ರಾಪ್ಸ್ ಕೊಟ್ಟರು. ಇನ್ನೊಬ್ಬರು, ನನ್ನ ಹೆಂಡತಿ ನನ್ನ ಸೋದರಮಾವನ ಮಗಳೆಂದು ತಿಳಿದ ಮೇಲೆ, ವಂಶವಾಹಿಯ ದೋಷವಿರಬಹುದು, ಬೆಂಗಳೂರಿಗೆ ಹೋಗಿ ಎಂಆರ್‌ಐ ಮತ್ತು ಜೆನೆಟಿಕ್ ಪರೀಕ್ಷೆ ಮಾಡಿಸಿ ಎಂದರು. ಮನೆಯ ಹಿರಿಯರು ದೃಷ್ಟಿಯಾಗಿದೆ ಎಂದು ತಾಯತ ಕಟ್ಟಿಸಿದ್ದಾರೆ. ಬೆಂಗಳೂರಿಗೆ ಹೊರಡಲು ನಮ್ಮ ಅಭ್ಯಂತರವಿಲ್ಲ. ಆದರೆ ಅದಕ್ಕೂ ಮೊದಲು ದಾವಣಗೆರೆಯಲ್ಲೇ ಮಾಡಿಸಬೇಕಾದ ಪರೀಕ್ಷೆ ಯಾವುದಾದರೂ ಉಳಿದಿದೆಯೇ ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಉತ್ತರ (ಚಿತ್ರದುರ್ಗದ ತಾಯಿ):

ಸರ್, ಮಗುವಿನ ವಿವರ ಎಲ್ಲವನ್ನೂ ಬರೆದಿದ್ದೀರಿ, ತಾಯಿ ಏನು ಊಟ ಮಾಡುತ್ತಾರೆ ಎಂಬುದನ್ನು ಮಾತ್ರ ಬರೆದಿಲ್ಲ. ನನ್ನ ಮಗಳಿಗೂ ಹೆಚ್ಚುಕಡಿಮೆ ಇದೇ ವಯಸ್ಸಿನಲ್ಲಿ ಗೆಣ್ಣು ಕಪ್ಪಾಗಿ, ನಗು ನಿಂತು, ಕೈ ನಡುಗತೊಡಗಿತ್ತು. ಕಾರಣ ವಿಟಮಿನ್ ಬಿ12 ಕೊರತೆ ಎಂದು ರಕ್ತಪರೀಕ್ಷೆಯಲ್ಲಿ ಗೊತ್ತಾಯಿತು. ನಮ್ಮದು ಸಸ್ಯಾಹಾರಿ ಮನೆ. ಬಾಣಂತನದಲ್ಲಿ ಮೊಸರು ಥಂಡಿ, ಹಾಲು ಕಫ ಎಂದು ಎರಡನ್ನೂ ಬಿಡಿಸಿದ್ದರಿಂದ ರೊಟ್ಟಿ, ಅನ್ನ, ಬೆಳ್ಳುಳ್ಳಿ ಸಾರಿನ ಮೇಲೆಯೇ ತಿಂಗಳುಗಟ್ಟಲೆ ಇದ್ದೆ. ಚುಚ್ಚುಮದ್ದು ಆರಂಭವಾದ ಕೆಲವೇ ದಿನಗಳಲ್ಲಿ ಮಗಳು ಮುಖ ನೋಡಿ ನಗತೊಡಗಿದಳು. ಮಾತು ಮಾತ್ರ ತಡವಾಗಿ ಬಂತು, ಅದಕ್ಕೆ ಥೆರಪಿ ಬೇಕಾಯಿತು.

ಉತ್ತರ (ನಿವೃತ್ತ ಮಕ್ಕಳ ವೈದ್ಯೆ, ದಾವಣಗೆರೆ):

ಮಗುವನ್ನು ನೋಡದೆ ಇಂಥದ್ದೇ ಕಾಯಿಲೆ ಎಂದು ಹೇಳಲಾಗದು. ಆದರೂ ಮೇಲಿನ ತಾಯಿ ಎತ್ತಿದ ಪ್ರಶ್ನೆಯೇ ಮೊದಲು ಬರಬೇಕಾದದ್ದು. ಬಿ12 ನಮಗೆ ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಿಂದ ಸಿಗುತ್ತದೆ. ಕಾಳು, ಸೊಪ್ಪು ಎಷ್ಟು ತಿಂದರೂ ಸಿಗುವುದಿಲ್ಲ. ತಾಯಿಯಲ್ಲಿ ಅದು ಬತ್ತಿದ್ದರೆ ಮಗು ಹುಟ್ಟುವಾಗಲೇ ದಾಸ್ತಾನು ಕಡಿಮೆ, ಎದೆಹಾಲಿನಲ್ಲಿಯೂ ಸಾಲದು. ಹೀಗಾಗಿ ಮೊದಲ ಕೆಲವು ತಿಂಗಳು ಚೆನ್ನಾಗಿದ್ದ ಮಗು ಕಲಿತದ್ದನ್ನೇ ಬಿಡತೊಡಗುತ್ತದೆ. ಸರ್ಕಾರದಿಂದ ಗರ್ಭಿಣಿಯರಿಗೆ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತವೆ, ಬಿ12 ಇರುವುದಿಲ್ಲ. ಮಾತ್ರೆಯನ್ನು ತಪ್ಪದೆ ನುಂಗಿದ ತಾಯಿಗೂ ಕೊರತೆ ಇರಬಹುದು.

ಆದ್ದರಿಂದ ತಾಯಿ, ಮಗು ಇಬ್ಬರ ರಕ್ತವನ್ನೂ ಪರೀಕ್ಷೆ ಮಾಡಿಸಿ: ಸಿಬಿಸಿ (ರಕ್ತಕಣಗಳ ಎಣಿಕೆ), ಸ್ಮಿಯರ್ (ರಕ್ತಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು), ಬಿ12, ಹೋಮೋಸಿಸ್ಟೀನ್ (ಬಿ12 ಸಾಲದಿದ್ದರೆ ರಕ್ತದಲ್ಲಿ ಏರುವ ಅಂಶ). ಬಿ12 ಕೊರತೆಯಲ್ಲಿ ಕೆಂಪು ರಕ್ತಕಣ ಹಿಗ್ಗುತ್ತದೆ. ಕಬ್ಬಿಣದ ಕೊರತೆಯೂ ಜೊತೆಗಿದ್ದರೆ ಗಾತ್ರ ಸರಿಯಾಗಿಯೇ ಕಾಣಬಹುದು, ಅದೊಂದನ್ನೇ ನೋಡಿ ಸುಮ್ಮನಾಗಬಾರದು. ಬಿ12 ಚುಚ್ಚುಮದ್ದಿಗೆ ಮೊದಲೇ ರಕ್ತ ತೆಗೆಸಿ. ಬರೀ ಫೋಲಿಕ್ ಆಮ್ಲದ ಟಾನಿಕ್ ಕುಡಿಸಬೇಡಿ, ರಕ್ತ ಸುಧಾರಿಸಿದಂತೆ ಕಂಡರೂ ನರಗಳ ಹಾನಿ ಮುಂದುವರಿಯುತ್ತದೆ.

ರಕ್ತಸಂಬಂಧದ ಮದುವೆಯ ಮಾತೂ ಕಡೆಗಣಿಸುವಂಥದ್ದಲ್ಲ. ದೇಹವು ಬಿ12 ಬಳಸಿಕೊಳ್ಳುವ ಕ್ರಿಯೆಯಲ್ಲಿಯೇ ಹುಟ್ಟಿನಿಂದ ದೋಷವಿದ್ದರೆ, ರಕ್ತದಲ್ಲಿ ಬಿ12 ಸಾಕಷ್ಟಿದ್ದರೂ ಹೋಮೋಸಿಸ್ಟೀನ್ ಇಲ್ಲವೇ ಅದರಂತೆಯೇ ಬಿ12 ಕೆಲಸ ಮಾಡದಿದ್ದಾಗ ಹೆಚ್ಚುವ ಮೀಥೈಲ್‌ಮೆಲೋನಿಕ್ ಆಮ್ಲ ಏರಿರಬಹುದು. ಹಾಗೆ ಬಂದರೆ ಜೆನೆಟಿಕ್ ಪರೀಕ್ಷೆಗೆ ಹಣ ಹಾಕುವುದಕ್ಕೆ ಅರ್ಥವಿದೆ.

ಒಂದು ವಿಷಯ ತುರ್ತಿನದು. ನಿದ್ದೆಯಿಂದ ಎದ್ದಾಗ ತಲೆ ಗಕ್ಕನೆ ಬಾಗಿ, ಕೈಗಳು ಚಾಚಿಕೊಂಡು, ಅದೇ ಚಲನೆ ಸಾಲುಸಾಲಾಗಿ ಮರುಕಳಿಸುತ್ತಿದೆಯೇ? ಹಾಗಿದ್ದರೆ ಅದನ್ನು ನಡುಕವೆಂದು ಬಿಡಬಾರದು. ಅದು ಶೈಶವದ ಸೆಳೆತವಿರಬಹುದು, ತಡಮಾಡದೆ ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ) ಆಗಬೇಕು. ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ, ವೈದ್ಯರ ಮುಂದೆ ಮಗು ಅದನ್ನು ಮಾಡಿ ತೋರಿಸುವುದು ಅಪರೂಪ.

ಉತ್ತರ (ಹರಿಹರ):

ತಾಯಿ ಕಾರ್ಡ್ ಮರೆಯದೆ ಒಯ್ಯಿರಿ, ತೂಕ ಯಾವ ತಿಂಗಳಿಂದ ನಿಂತಿತು ಎಂಬುದು ಅದರಲ್ಲಿರುತ್ತದೆ. ಬೆಳವಣಿಗೆ ಹಿಂದೆ ಬಿದ್ದ ಮಕ್ಕಳಿಗಾಗಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿವೆ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಕೃತಜ್ಞತೆಗಳು. ಹೆಂಡತಿಯನ್ನು ವಿಚಾರಿಸಿದೆ. ಹಾಲು ಹಿಡಿಸದೆಂದು ಚಿಕ್ಕಂದಿನಿಂದಲೂ ಬಿಟ್ಟಿದ್ದಾಳೆ, ಮೊಟ್ಟೆ ನಮ್ಮ ಮನೆಗೆ ಬರುವುದಿಲ್ಲ. ಅಂಗಾಲು ಜುಮುಗುಡುತ್ತದೆ, ಆಗಾಗ ಬಾಯಿಹುಣ್ಣಾಗುತ್ತದೆ ಎಂದು ಈಗ ಹೇಳುತ್ತಿದ್ದಾಳೆ. ಸಾಲುಸಾಲಾದ ಸೆಳೆತ ನಮ್ಮ ಕಣ್ಣಿಗೆ ಬಿದ್ದಿಲ್ಲ. ನಾಳೆಯೇ ದಾವಣಗೆರೆಗೆ ಹೋಗಿ ಇಬ್ಬರ ರಕ್ತವನ್ನೂ ಕೊಡುತ್ತೇವೆ. ಅಲ್ಲಿಯವರೆಗೆ ಎದೆಹಾಲು ನಿಲ್ಲಿಸಬೇಕೇ ಮೇಡಂ?

ಉತ್ತರ (ನಿವೃತ್ತ ಮಕ್ಕಳ ವೈದ್ಯೆ):

ಖಂಡಿತ ಬೇಡ. ಕೊರತೆ ಖಚಿತವಾಗಿ ತಾಯಿಗೂ ಚಿಕಿತ್ಸೆ ಆರಂಭವಾದರೆ ಹಾಲಿನಲ್ಲಿಯೂ ಬಿ12 ಏರುತ್ತದೆ. ಆಕೆಯ ಅಂಗಾಲಿನ ಜುಮ್ಮನ್ನು ವೈದ್ಯರಿಗೆ ತಪ್ಪದೆ ಹೇಳಿ. ಚುಚ್ಚುಮದ್ದು ಶುರುವಾದ ಮೇಲೆ ಕೆಲವು ಮಕ್ಕಳಲ್ಲಿ ನಡುಕ ಕೆಲಕಾಲ ಹೆಚ್ಚುವುದುಂಟು. ಹಾಗಾದರೆ ಔಷಧವನ್ನು ನೀವಾಗಿಯೇ ನಿಲ್ಲಿಸದೆ ಅವರಿಗೆ ಫೋನ್ ಮಾಡಿ.