ಮೊದಲ ವರ್ಷದವರಿಗೆ ಆನರ್ಸ್ ಸೆಮಿನಾರ್: ಯಾರನ್ನು ಆರಿಸಬೇಕು, ಹೇಗೆ ನಡೆಸಬೇಕು?

ಪ್ರಶ್ನೆ: ಅರ್ಥಶಾಸ್ತ್ರ ಉಪನ್ಯಾಸಕಿ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯ ಒಂದು ಸ್ವಾಯತ್ತ ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಬರುವ ಶೈಕ್ಷಣಿಕ ವರ್ಷದಿಂದ ಮೊದಲ ವರ್ಷದ ಆಯ್ದ ವಿದ್ಯಾರ್ಥಿಗಳಿಗಾಗಿ ಎರಡು ಕ್ರೆಡಿಟ್‌ಗಳ ಆನರ್ಸ್ ಸೆಮಿನಾರ್ ಒಂದನ್ನು ಆರಂಭಿಸಬೇಕೆಂಬುದು ನಮ್ಮ ಪ್ರಾಚಾರ್ಯರ ಅಪೇಕ್ಷೆ. ಅದರ ಕರಡನ್ನು ಸಿದ್ಧಪಡಿಸಿ ಪಠ್ಯಕ್ರಮಕ್ಕೆ ಒಪ್ಪಿಗೆ ಕೊಡುವ ಅಧ್ಯಯನ ಮಂಡಳಿಯ ಮುಂದಿಡುವ ಹೊಣೆ ನನ್ನ ಪಾಲಿಗೆ ಬಂದಿದೆ. ರಾಷ್ಟ್ರೀಯ ಶಿಕ್ಷಣ ನೀತಿಯಡಿ 2021-22ರಲ್ಲಿ ಬಂದ ನಾಲ್ಕು ವರ್ಷದ ಆನರ್ಸ್ ಪದವಿಯನ್ನು ರಾಜ್ಯ ಸರ್ಕಾರ 2024-25ರಿಂದ ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿದೆ. ಆದ್ದರಿಂದ ನಾನು ಕೇಳುತ್ತಿರುವುದು ಪದವಿಯ ಬಗ್ಗೆ ಅಲ್ಲ, ಹೆಚ್ಚಿನ ಓದಿಗೆ ಮನಸ್ಸಿರುವವರನ್ನು ಒಂದೆಡೆ ಕೂಡಿಸಿ ನಡೆಸುವ ಸಣ್ಣ ತರಗತಿಯ ಬಗ್ಗೆ.

ಆಯ್ಕೆಗೆ ದ್ವಿತೀಯ ಪಿಯುಸಿಯ ಅಂಕಗಳನ್ನೇ ಆಧಾರವಾಗಿಟ್ಟುಕೊಳ್ಳೋಣ, ಶೇ. 85ಕ್ಕಿಂತ ಹೆಚ್ಚು ಪಡೆದವರನ್ನು ಮಾತ್ರ ಸೇರಿಸಿಕೊಳ್ಳೋಣ ಎಂಬುದು ಸಹೋದ್ಯೋಗಿಗಳ ಅಭಿಪ್ರಾಯ. ನನಗೆ ಅದು ಪೂರ್ತಿ ಒಪ್ಪಿಗೆಯಾಗಿಲ್ಲ. ಅಂಕ ಬೇಡವೆಂದರೆ ಬೇರೆ ಮಾನದಂಡ ಯಾವುದು ಎಂದು ಕೇಳಿದರೆ ಕೊಡಲು ನನ್ನ ಬಳಿ ಉತ್ತರವೂ ಇಲ್ಲ. ಇನ್ನೊಂದು ಸಂಗತಿ ಇದಕ್ಕಿಂತ ಹೆಚ್ಚು ಕಾಡುತ್ತಿದೆ. ನಮ್ಮಲ್ಲಿಗೆ ಬರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕುಂದಗೋಳ, ನವಲಗುಂದ, ಕಲಘಟಗಿ ಕಡೆಯಿಂದ ಬಸ್ ಪಾಸಿನ ಮೇಲೆ ಓಡಾಡುವವರು, ಕನ್ನಡ ಮಾಧ್ಯಮದಲ್ಲಿ ಓದಿದವರು. ಅವರಿಗೆ ಕೇಳಿದ್ದನ್ನು ಬರೆದುಕೊಂಡು ಗೊತ್ತೇ ಹೊರತು ತರಗತಿಯಲ್ಲಿ ಬಾಯಿ ಬಿಟ್ಟು ಮಾತನಾಡಿ ಗೊತ್ತಿಲ್ಲ. ಚರ್ಚೆಯ ತರಗತಿಯೆಂದು ಹೆಸರಿಟ್ಟು ಕೊನೆಗೆ ನಾನೊಬ್ಬಳೇ ಎರಡು ತಾಸು ಮಾತನಾಡುವಂತಾದರೆ ಏನು ಪ್ರಯೋಜನ? ಇಂಥ ತರಗತಿಗಳನ್ನು ನಡೆಸಿದವರು ಅಥವಾ ಅದರಲ್ಲಿ ಕುಳಿತವರು ದಯವಿಟ್ಟು ತಿಳಿಸಬೇಕು.

ಉತ್ತರ 1: ನಿವೃತ್ತ ಪ್ರಾಧ್ಯಾಪಕ, ಧಾರವಾಡ

ಮೇಡಂ ಅವರೇ, ಆಯ್ಕೆಯ ಪ್ರಶ್ನೆ ಕೊನೆಗಿರಲಿ. ತರಗತಿ ಹೇಗಿರಬೇಕೆಂದು ಮೊದಲು ತೀರ್ಮಾನವಾದರೆ ಅದಕ್ಕೆ ಯಾರು ತಕ್ಕವರು ಎಂಬುದು ತಾನಾಗಿ ತಿಳಿಯುತ್ತದೆ.

ಈ ಪದ್ಧತಿ ಅಮೆರಿಕದಲ್ಲಿ ಬೇರೂರಿದ ಬಗೆಯನ್ನು ಅಧ್ಯಯನ ಮಂಡಳಿಯ ಸದಸ್ಯರಿಗೆ ಒಂದು ಪ್ಯಾರಾದಲ್ಲಿ ಹೇಳಿದರೆ ಒಳ್ಳೆಯದು. ಆಕ್ಸ್‌ಫರ್ಡಿನಲ್ಲಿ ಓದಿ ಬಂದಿದ್ದ ಫ್ರಾಂಕ್ ಐಡಲಾಟ್ ಅವರು 1921ರಲ್ಲಿ ಸ್ವಾರ್ಥ್‌ಮೋರ್ ಕಾಲೇಜಿನ ಅಧ್ಯಕ್ಷರಾದ ಮರುವರ್ಷವೇ ಅಲ್ಲಿ ಆನರ್ಸ್ ವ್ಯವಸ್ಥೆಯನ್ನು ತಂದರು. ಅದರಲ್ಲಿ ಉಪನ್ಯಾಸದ ಬದಲು ಸಣ್ಣ ಗುಂಪಿನ ಸೆಮಿನಾರ್ ಇತ್ತು. ಕೊನೆಯ ಪರೀಕ್ಷೆಯನ್ನು ಪಾಠ ಮಾಡಿದವರು ನಡೆಸದೆ ಹೊರಗಿನ ಪರೀಕ್ಷಕರು ಬಂದು ನಡೆಸುತ್ತಿದ್ದುದರಿಂದ, ಅಧ್ಯಾಪಕರೂ ವಿದ್ಯಾರ್ಥಿಗಳೂ ಒಂದೇ ಪಕ್ಷದವರಂತೆ ಸಿದ್ಧರಾಗಬೇಕಾಗುತ್ತಿತ್ತು. ಆದರೆ ಅದು ಮೇಲಿನ ತರಗತಿಗಳಿಗಾಗಿ ಇದ್ದ ವ್ಯವಸ್ಥೆ. ಮೊದಲ ವರ್ಷದವರಿಗೇ ಸೆಮಿನಾರ್ ಎಂಬ ಪ್ರಯೋಗವನ್ನು ಹಾರ್ವರ್ಡ್ 1959ರಲ್ಲಿ ಆರಂಭಿಸಿತು. ಅಲ್ಲಿ ಇಂದಿಗೂ ಈ ಸೆಮಿನಾರುಗಳಿಗೆ ದರ್ಜೆ ಕೊಡುವುದಿಲ್ಲ, ತೃಪ್ತಿಕರವೇ ಅಲ್ಲವೇ ಎಂದಷ್ಟೇ ದಾಖಲಿಸುತ್ತಾರೆ. ಹೊಸದಾಗಿ ಬಂದ ಹುಡುಗ ಹುಡುಗಿಯರು ಅಂಕದ ಅಂಜಿಕೆಯಿಲ್ಲದೆ ಒಂದು ವಿಷಯದ ಒಳಹೊಕ್ಕು ನೋಡಲಿ ಎಂಬುದು ಅದರ ಉದ್ದೇಶ. ನೀವು ಅನುಸರಿಸಬೇಕಾದುದು ಈ ಎರಡನೆಯ ಮಾದರಿಯನ್ನು.

ಇನ್ನು ವಿಷಯ. 'ಭಾರತದ ಆರ್ಥಿಕತೆಯ ಸವಾಲುಗಳು' ಎಂಬಂಥ ಶೀರ್ಷಿಕೆಯನ್ನು ದಯವಿಟ್ಟು ಇಡಬೇಡಿ. ಅಂಥ ವಿಷಯದ ಮೇಲೆ ಧಾರವಾಡದ ಸಪ್ತಾಪುರದ ಯಾವುದೇ ಕೋಚಿಂಗ್ ಕ್ಲಾಸಿನ ನೋಟ್ಸ್ ಸಿಗುತ್ತದೆ, ಮಕ್ಕಳು ಅದನ್ನೇ ಓದಿಕೊಂಡು ಬಂದು ಒಪ್ಪಿಸುತ್ತಾರೆ. ನೋಟ್ಸ್ ಸಿಗದಷ್ಟು ಸಣ್ಣದಾದ, ಕೈಗೆ ಸಿಗುವ ಒಂದು ಮೂಲವನ್ನು ನಡುವೆ ಇಟ್ಟುಕೊಳ್ಳಿ. ಗದಗ ಹತ್ತಿರದ ಲಕ್ಕುಂಡಿಯಲ್ಲಿರುವ 1007ರ ಅತ್ತಿಮಬ್ಬೆಯ ಶಾಸನವನ್ನೇ ತೆಗೆದುಕೊಳ್ಳಿ. ಆಕೆ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂದು ಶಾಲೆಯಲ್ಲಿ ಎಲ್ಲರೂ ಓದಿರುತ್ತಾರೆ. ಆ ಮಾತು ನಿಮಗೆ ಎಲ್ಲಿಂದ ಬಂತು, ಶಾಸನದಿಂದಲೋ ಕಾವ್ಯದಿಂದಲೋ ಪಠ್ಯಪುಸ್ತಕದಿಂದಲೋ ಎಂದು ಕೇಳಿ, ಶಾಸನದ ಅಚ್ಚಾದ ಪಾಠವನ್ನು ಎದುರಿಗಿಟ್ಟು ಸುಮ್ಮನೆ ಕುಳಿತುಬಿಡಿ. ಸಾಲು ಸಾಲಾಗಿ ಹುಡುಕಲು ತೊಡಗಿದವರು ತಮಗೆ ಗೊತ್ತಿಲ್ಲದಂತೆಯೇ ಮಾತಿಗೆ ಇಳಿಯುತ್ತಾರೆ. ಅರ್ಥಶಾಸ್ತ್ರದವರಾದ ತಮಗೆ ಆ ಕಾಲದ ದತ್ತಿಗಳ ಲೆಕ್ಕಾಚಾರವೂ ಆಸಕ್ತಿ ತರಬಹುದು.

ಸಂಖ್ಯೆ ಹದಿನೈದನ್ನು ಮೀರಬಾರದು. ಮೇಜುಗಳನ್ನು ಸುತ್ತ ಜೋಡಿಸಬೇಕು. ಬೆಂಚುಗಳನ್ನು ನೆಲಕ್ಕೆ ಬಿಗಿದಿರುವ ಕೊಠಡಿಯಲ್ಲಿ ಸೆಮಿನಾರ್ ನಡೆಯುವುದಿಲ್ಲ, ಅಲ್ಲಿ ನಡೆಯುವುದು ಭಾಷಣ ಮಾತ್ರ.

ಉತ್ತರ 2: ಬಿ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ (ಊರು ರಾಣೆಬೆನ್ನೂರು ತಾಲೂಕು)

ಮೇಡಂ, ನಾನು ಕಳೆದ ವರ್ಷ ಇಂಥದೇ ಒಂದು ಸೆಮಿನಾರಿನಲ್ಲಿದ್ದೆ. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿಯೇ ಓದಿದವಳಾದ್ದರಿಂದ ನೀವು ಹೇಳಿದ ಮೌನದ ಬಗ್ಗೆ ನನಗೆ ಸ್ವಲ್ಪ ಗೊತ್ತಿದೆ. ನಾವು ಮಾತನಾಡದಿರುವುದು ಹೇಳಲು ಏನೂ ಇಲ್ಲವೆಂದಲ್ಲ. ಮನಸ್ಸಿನಲ್ಲಿ ವಾಕ್ಯ ಕೂಡಿಸಿಕೊಳ್ಳುವಷ್ಟರಲ್ಲಿ ಸಿಟಿಯಿಂದ ಬಂದವರೊಬ್ಬರು ಇಂಗ್ಲಿಷಿನಲ್ಲಿ ಅದನ್ನೇ ಹೇಳಿ ಮುಗಿಸಿರುತ್ತಾರೆ, ಆಮೇಲೆ ನಾವು ಹೇಳಿದರೆ ಎರಡನೆಯ ಸಲ ಹೇಳಿದಂತಾಗುತ್ತದೆ.

ನಮ್ಮ ಸರ್ ಇದಕ್ಕೆ ಒಂದು ಉಪಾಯ ಮಾಡಿದ್ದರು. ಪ್ರತಿಯೊಬ್ಬರೂ ಓದಿದ ಭಾಗದ ಮೇಲೆ ಎರಡು ಪ್ರಶ್ನೆಗಳನ್ನು ಅರ್ಧ ಹಾಳೆಯಲ್ಲಿ ಕೈಯಿಂದ ಬರೆದು ಹಿಂದಿನ ದಿನ ಸಂಜೆಯೊಳಗೆ ಸ್ಟಾಫ್ ರೂಮಿನ ಅವರ ಟೇಬಲ್ಲಿನ ಮೇಲೆ ಇಡಬೇಕಿತ್ತು. ಕನ್ನಡ ಆಗಲಿ ಇಂಗ್ಲಿಷ್ ಆಗಲಿ ಅಡ್ಡಿಯಿರಲಿಲ್ಲ. ಮರುದಿನ ತರಗತಿ ಶುರುವಾಗುತ್ತಿದ್ದುದೇ ಆ ಹಾಳೆಗಳಲ್ಲಿ ಒಂದನ್ನು ಸರ್ ಹೆಸರು ಹೇಳದೆ ಓದುವುದರಿಂದ. ನನ್ನ ಪ್ರಶ್ನೆಯ ಮೇಲೆ ಬೇರೆಯವರು ಇಪ್ಪತ್ತು ನಿಮಿಷ ವಾದ ಮಾಡಿದ್ದನ್ನು ಕೇಳಿದ ಮೇಲೆ, ಅದು ನಂದೇ ಪ್ರಶ್ನೆ, ನಾನು ಕೇಳಿದ್ದು ಹಾಗಲ್ಲ ಎಂದು ಹೇಳದೆ ಇರಲು ಆಗಲಿಲ್ಲ.

ನಮ್ಮ ವಿಷಯ ಹುಬ್ಬಳ್ಳಿ-ಧಾರವಾಡದ ಕುಡಿಯುವ ನೀರು. ಇಲ್ಲಿನ ಕೆಲವು ವಾರ್ಡುಗಳಿಗೆ 2008ರ ಸುಮಾರಿಗೆ ವಿಶ್ವ ಬ್ಯಾಂಕಿನ ಸಾಲದ ಯೋಜನೆಯಲ್ಲಿ 24 ತಾಸು ನೀರು ಬರತೊಡಗಿತು, ಉಳಿದ ವಾರ್ಡುಗಳಲ್ಲಿ ಕೆಲವು ದಿನಕ್ಕೊಮ್ಮೆ ಬಿಡುವ ಪದ್ಧತಿಯೇ ಮುಂದುವರಿಯಿತು. ಈ ಎರಡು ಬಗೆಯ ವಾರ್ಡುಗಳ ಮನೆಗಳನ್ನು ಹೋಲಿಸಿದ ಅಧ್ಯಯನವೊಂದು 2015ರಲ್ಲಿ ಪ್ಲಾಸ್ ಮೆಡಿಸಿನ್ ಎಂಬ ವೈದ್ಯಕೀಯ ಸಂಶೋಧನಾ ಪತ್ರಿಕೆಯಲ್ಲಿ ಬಂದಿದೆ, ಯಾರು ಬೇಕಾದರೂ ಉಚಿತವಾಗಿ ಓದಬಹುದು. ದಿನವಿಡೀ ನೀರು ಬಂದರೆ ಮಕ್ಕಳ ಹೊಟ್ಟೆಬೇನೆ ತಾನಾಗಿ ಕಡಿಮೆಯಾಗುತ್ತದೆ ಎಂದು ನಾವೆಲ್ಲ ಮೊದಲೇ ತೀರ್ಮಾನಿಸಿಕೊಂಡಿದ್ದೆವು. ಆದರೆ ಐದು ವರ್ಷದೊಳಗಿನ ಮಕ್ಕಳಲ್ಲಿ ಒಟ್ಟಾರೆ ಅತಿಸಾರದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ ಎಂದು ಅದರಲ್ಲಿತ್ತು. ಯಾಕೆ ಎಂಬ ಒಂದೇ ಪ್ರಶ್ನೆಗೆ ಎರಡು ವಾರ ಹಿಡಿಯಿತು. ಸ್ನಾನದ ಮನೆಯ ಪ್ಲಾಸ್ಟಿಕ್ ಬ್ಯಾರೆಲ್, ಅದರಲ್ಲಿ ಅದ್ದುವ ಚೊಂಬು, ನಳದ ನೀರು ಬಿಡುವ ದಿನ ಮೊದಲು ಬರುವ ಕೆಂಪು ನೀರನ್ನು ಚೆಲ್ಲುವುದು, ಇವೆಲ್ಲ ಚರ್ಚೆಗೆ ಬಂದವು. ಅಲ್ಲಿ ಹೆಚ್ಚು ಮಾತನಾಡಿದವರು ಶೇ. 95 ತೆಗೆದವರಲ್ಲ, ಮನೆಯಲ್ಲಿ ನೀರು ತುಂಬುವ ಕೆಲಸ ಯಾರ ಪಾಲಿಗಿತ್ತೋ ಅವರು.

ಸಮಯದ ಬಗ್ಗೆ ಒಂದು ವಿನಂತಿ. ಸಂಜೆ ನಾಲ್ಕರ ಮೇಲೆ ಇಟ್ಟರೆ ಹಳ್ಳಿಯಿಂದ ಓಡಾಡುವ ಹುಡುಗಿಯರು ಹೆಸರನ್ನೇ ಕೊಡುವುದಿಲ್ಲ. ನಮ್ಮ ಬ್ಯಾಚಿನಲ್ಲಿ ಇಬ್ಬರು ಇದೇ ಕಾರಣಕ್ಕೆ ಬಿಟ್ಟರು.

ಉತ್ತರ 3: ಪದವಿ ಕಾಲೇಜು ಉಪನ್ಯಾಸಕ, ಗದಗ

ಹಿರಿಯರು ಹೇಳಿದ್ದೆಲ್ಲ ಸರಿ, ಆದರೆ ಅಂಕವಿಲ್ಲದ ಪತ್ರಿಕೆಗೆ ನಮ್ಮ ಕಡೆ ಹಾಜರಾತಿ ಎಷ್ಟಿರುತ್ತದೆಂದು ಇಲ್ಲಿರುವ ಎಲ್ಲರಿಗೂ ಗೊತ್ತು. ಆಂತರಿಕ ಪರೀಕ್ಷೆ ಹತ್ತಿರ ಬಂದ ವಾರ ಅಂಕವಿರುವ ಪತ್ರಿಕೆಯೇ ಗೆಲ್ಲುತ್ತದೆ. ಆದ್ದರಿಂದ ಅಂಕ ಇಡಿ, ಆದರೆ ಮಾತಿಗೆ ಇಡಬೇಡಿ. ಚರ್ಚೆಯಲ್ಲಿ ಭಾಗವಹಿಸಿದ್ದಕ್ಕೆಂದು ಹತ್ತು ಅಂಕ ಇಟ್ಟ ದಿನದಿಂದಲೇ ವಾಚಾಳಿಗಳದೇ ರಾಜ್ಯ. ಮೇಲಿನ ವಿದ್ಯಾರ್ಥಿನಿ ಹೇಳಿದ ಪ್ರಶ್ನೆಯ ಹಾಳೆಗಳನ್ನು ಜೋಪಾನವಾಗಿ ಕಡತದಲ್ಲಿಟ್ಟು, ಅವುಗಳಲ್ಲಿ ಅವರವರು ಆರಿಸಿದ ಐದಕ್ಕೆ ಅಂಕ ಕೊಡಿ. ಮಂಡಳಿಯವರು ದಾಖಲೆ ಕೇಳಿದಾಗ ತೋರಿಸಲೂ ಬರುತ್ತದೆ.

ಆಯ್ಕೆಯಲ್ಲಿ ಮಾತ್ರ ನಾನು ಪಿಯುಸಿ ಅಂಕವನ್ನು ಖಂಡಿತ ವಿರೋಧಿಸುತ್ತೇನೆ. ಶೇ. 85 ಎಂದು ಗೆರೆ ಎಳೆದರೆ ಇಂಗ್ಲಿಷ್ ಮಾಧ್ಯಮದ ಒಂದೆರಡು ಕಾಲೇಜುಗಳ ಮಕ್ಕಳೇ ತುಂಬಿಕೊಳ್ಳುತ್ತಾರೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ಚೌಕಟ್ಟು ನಾಲ್ಕನೆಯ ವರ್ಷದ ಸಂಶೋಧನೆಯೊಂದಿಗಿನ ಆನರ್ಸ್‌ಗೆ ಶೇ. 75 ಕೇಳುತ್ತದೆ ನಿಜ, ಆದರೆ ಅದು ಮೊದಲ ಆರು ಸೆಮಿಸ್ಟರುಗಳ ಅಂಕ. ಪದವಿಯಲ್ಲಿ ಮೂರು ವರ್ಷ ಏನು ಮಾಡಿದರೆಂದು ನೋಡಿದ ಮೇಲೆ ಹಾಕುವ ಷರತ್ತು. ಕಾಲೇಜಿಗೆ ಈಗಷ್ಟೇ ಕಾಲಿಟ್ಟವರಿಗೆ ಅದನ್ನು ಅನ್ವಯಿಸಲು ಆಧಾರವಿಲ್ಲ. ಒಂದು ಪುಟದ ಬರಹ ಕೊಟ್ಟು, ಗ್ರಂಥಾಲಯದಲ್ಲಿ ಕುಳಿತು ಓದಿ, ಒಪ್ಪಿಗೆಯಾಗದ ಒಂದು ಮಾತನ್ನು ಕಾರಣಸಹಿತ ಬರೆಯಲು ಹೇಳಿ. ಬರೆದುಕೊಟ್ಟವರು ಹದಿನೈದಕ್ಕಿಂತ ಹೆಚ್ಚಾದರೆ ಎರಡು ತಂಡ ಮಾಡಿ.

ಎರಡು ತಂಡ ಎಂದ ಕೂಡಲೇ ಕಾರ್ಯಭಾರದ ತಕರಾರು ಬರುತ್ತದೆ. ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ತಾಸು ಇದ್ದೇ ಇದೆ. ಹದಿನೈದು ಮಕ್ಕಳ ತರಗತಿಯನ್ನು ಅರವತ್ತರ ತರಗತಿಗೆ ಸಮನಾಗಿ ಎಣಿಸುತ್ತೇವೆಂದು ಪ್ರಾಚಾರ್ಯರಿಂದ ಲಿಖಿತವಾಗಿ ಪಡೆಯದೆ ನೀವು ಈ ಕೆಲಸಕ್ಕೆ ಕೈ ಹಾಕಬೇಡಿ. ಮೊದಲ ವರ್ಷ ಉತ್ಸಾಹದಲ್ಲಿ ನಡೆಯುತ್ತದೆ, ಎರಡನೆಯ ವರ್ಷ ನಿಮ್ಮ ಜಾಗಕ್ಕೆ ಅತಿಥಿ ಉಪನ್ಯಾಸಕರನ್ನು ಹಾಕಿ ಅವರ ಮೇಲೆ ಹೊರಿಸುತ್ತಾರೆ.

ಪ್ರಶ್ನೆ ಕೇಳಿದವರ ಮರುಮಾತು

ತಮ್ಮೆಲ್ಲರಿಗೂ ಕೃತಜ್ಞತೆಗಳು. ನೀರಿನ ವಿಷಯ ನನ್ನ ಶಾಸ್ತ್ರಕ್ಕೂ ಹತ್ತಿರವಾದ್ದರಿಂದ ಅದನ್ನೇ ಆರಿಸಿಕೊಂಡು, ಪಾಲಿಕೆಯ ನೀರಿನ ಬಿಲ್ಲನ್ನು ಮೊದಲ ವಾರದ ಓದಾಗಿ ಇಡುವ ಯೋಚನೆಯಿದೆ. ಅದರಲ್ಲಿರುವ ಪ್ರತಿಯೊಂದು ಸಾಲೂ ಏನೆಂದು ವಿವರಿಸಬಲ್ಲವರು ನನ್ನನ್ನೂ ಸೇರಿಸಿ ಕಡಿಮೆ. ಸಮಯವನ್ನು ಬೆಳಿಗ್ಗೆ ಹನ್ನೊಂದಕ್ಕೆ ಬದಲಿಸಲು ವೇಳಾಪಟ್ಟಿ ನೋಡುವವರು ಒಪ್ಪಿದ್ದಾರೆ. ಕಾರ್ಯಭಾರದ ಪತ್ರವನ್ನು ಈ ವಾರವೇ ಕೇಳುತ್ತೇನೆ. ರಾಣೆಬೆನ್ನೂರಿನ ತಂಗಿಗೆ ಒಂದು ಪ್ರಶ್ನೆ: ಇಂಗ್ಲಿಷಿನಲ್ಲಿದ್ದ ಆ ಅಧ್ಯಯನವನ್ನು ನೀವು ಹೇಗೆ ಓದಿಕೊಂಡಿರಿ, ಸರ್ ಕನ್ನಡದಲ್ಲಿ ಸಾರಾಂಶ ಕೊಟ್ಟಿದ್ದರೇ?

ವಿದ್ಯಾರ್ಥಿನಿ

ಸಾರಾಂಶ ಕೊಡಲಿಲ್ಲ ಮೇಡಂ. ಇಬ್ಬಿಬ್ಬರಿಗೆ ಒಂದೊಂದು ಕೋಷ್ಟಕ ಹಂಚಿ, ಅದರಲ್ಲಿರುವುದನ್ನು ಮನೆಯವರಿಗೆ ಹೇಳುವಂತೆ ಕನ್ನಡದಲ್ಲಿ ಬರೆದು ತರಲು ಹೇಳಿದ್ದರು. ಅಂಕಿ ಓದಲು ಬಂದ ಮೇಲೆ ಸುತ್ತಲಿನ ಇಂಗ್ಲಿಷ್ ಅಷ್ಟು ಕಠಿಣ ಅನಿಸಲಿಲ್ಲ. ನಾವು ಬರೆದ ಆ ಹಾಳೆಗಳು ನನ್ನ ಬಳಿ ಇವೆ, ಬೇಕಿದ್ದರೆ ಫೋಟೋ ತೆಗೆದು ಇಲ್ಲಿಯೇ ಹಾಕುತ್ತೇನೆ.