ಅಪ್‌ಡೇಟ್: ಬೆಳಗಾವ್ಯಾಗ ಮನಿ ಸಿಕ್ತು, ಬಾಡಿಗಿ 6,500

ಉದ್ಯಮಬಾಗದಾಗ ಕೆಲಸ ಸಿಕ್ಕೇತಿ, ಪಗಾರ 22,000, ಮೊದಲ್ನೇ ಸಲ ಒಬ್ಬನ ಬಾಡಿಗಿ ಮನಿ ಮಾಡಾಕತ್ತೇನಿ, ಬಾಡಿಗಿ ಎಷ್ಟರತನಾ ಕೊಡಬೌದು ಅಂತ ಹಿಂದ ಇಲ್ಲೇ ಕೇಳಿದ್ನಲ್ರೀ, ಕಡೀಕ ವಡಗಾವಿ ಕಡೆ ಸಿಕ್ತು. ಮ್ಯಾಲಿನ ಮಾಳಗಿ, ಒಂದು ರೂಮು ಅಡಗಿಮನಿ, ಡಿಪಾಸಿಟ್ 30,000.

ಕೆಲಸಕ್ಕ ಬಂದಿದ್ದು, ಮನಿ ಹುಡುಕೋ ಆಪ್ ಬಿಟ್ಟು ಸಂಜಿಮುಂದ ಓಣ್ಯಾಗ ಅಡ್ಡಾಡ್ರಿ, ಕಿರಾಣಿ ಅಂಗಡ್ಯಾಗ ಕೇಳ್ರಿ ಅಂದಿದ್ರಲ್ಲ, ಆ ಸಲಹೆ. ಗೇಟಿಗೆ ಬಾಡಿಗಿಗೆ ಐತಿ ಅಂತ ಮರಾಠ್ಯಾಗ ಬೋರ್ಡ್ ಹಾಕಿದ್ದ ಮನೀನೂ ಕೇಳ್ರಿ, ಬಿಡಬ್ಯಾಡ್ರಿ, ನನಗ ಸಿಕ್ಕಿದ್ದು ಹಂಗ ಐತಿ. ಟಿಳಕವಾಡಿ ನೋಡ್ರಿ ಅಂದಿದ್ರು, ಚೊಲೋ ಏರಿಯಾ ಖರೆ, ಆದ್ರ ನನ್ನ ಪಗಾರಕ್ಕ ಆಗಲಿಲ್ಲ. ಬ್ರೋಕರ್ ಒಂದ್ ತಿಂಗಳ ಬಾಡಿಗಿ ಕಮಿಷನ್ ಕೇಳಿ ಬರೇ ಫ್ಯಾಮಿಲಿಗೆ ಕೊಡೋ ಮನೀನ ತೋರಿಸಿದ.

ಗೊತ್ತಿರದಿದ್ದ ವಿಷಯ ಅಂದ್ರ ಗೃಹಜ್ಯೋತಿ, ಸರ್ಕಾರದ ಫ್ರೀ ಕರೆಂಟ್ ಯೋಜನೆ. ಬಾಡಿಗಿದಾರರಿಗೂ ಸಿಗತೈತಿ, ಆದ್ರ ಹಳೇ ಬಾಡಿಗಿದಾರ್ರ ಆಧಾರ್ ಆ ಮನಿ ಆರ್‌ಆರ್ ನಂಬರಿಗೆ (ಕರೆಂಟ್ ಕನೆಕ್ಷನ್ ನಂಬರ್) ಲಿಂಕ್ ಇದ್ರ ಮೊದಲ ಅದನ್ನ ಡಿಲಿಂಕ್ ಮಾಡಸ್ಬೇಕು, ಆಮ್ಯಾಲೆ ಸೇವಾಸಿಂಧುದಾಗ ನಮ್ಮ ಹೆಸರಲೆ ಅರ್ಜಿ ಹಾಕ್ಬೇಕು. ಮತ್ತ 200 ಯೂನಿಟ್ ದಾಟಿದ್ರ ಆ ತಿಂಗಳ ಪೂರ್ತಿ ಬಿಲ್ ನಮ್ಮ ಮ್ಯಾಲೆ, ಅದಕ್ಕ ಗೀಸರ್ ಹಾಕಾವ್ರು ಲಕ್ಷ್ಯ ಇಡ್ರಿ. ಹೆಸ್ಕಾಂ ಕರೆಂಟ್ ಮೀಟರ್ ನಿಮ್ಮ ರೂಮಿಗೆ ಬ್ಯಾರೆ ಐತಿ ಇಲ್ಲೋ ಅನ್ನೋದು ಅಡ್ವಾನ್ಸ್ ಕೊಡೋಕಿನ್ನ ಮೊದಲ ಕೇಳ್ರಿ.

ಅಗ್ರಿಮೆಂಟ್ 11 ತಿಂಗಳದ್ದು ಮಾಡೇವಿ, ವರ್ಷ ಮೀರಿದ್ರ ರಿಜಿಸ್ಟರ್ ಮಾಡಸ್ಬೇಕಾಗತೈತಿ. ಡಿಪಾಸಿಟ್ ಬಿಟ್ಟು ಗ್ಯಾಸ್, ಗಾದಿ, ಫ್ಯಾನಿಗೆ ಬ್ಯಾರೆ ರೊಕ್ಕ ತಗದಿಡ್ರಿ ಅಂದವ್ರಿಗೆ ಭಾಳ ಥ್ಯಾಂಕ್ಸ್ ರೀ, ಅದಿಲ್ಲಂದ್ರ ಮೊದಲ್ನೇ ತಿಂಗಳು ದಾಟತಿರಲಿಲ್ಲ.