ವಿಧವೆ ಅಜ್ಜಿಗೆ ಬಿಳಿ ಸೀರೆ, ಮದುಮಗಳಿಗೆ ಕೆಂಪು: ಸರಿನಾ ಮೇಡಂ?

ಪ್ರಶ್ನೆ: ನಮಸ್ತೆ ಮೇಡಂ. ಸಾಗರದ ಹತ್ತಿರ ಒಂದು ಹಳೇ ಮನೆಯಲ್ಲಿ ಕಿರುಚಿತ್ರ ಮಾಡುತ್ತಿದ್ದೇವೆ. ಕಥೆ 1950ರ ಆಸುಪಾಸಿನ ಬ್ರಾಹ್ಮಣ ಕುಟುಂಬದ್ದು. ವಿಧವೆ ಅಜ್ಜಿ, ಮದುವೆ ಗೊತ್ತಾದ ಮೊಮ್ಮಗಳು, ಇಬ್ಬರೇ ಮುಖ್ಯ. ಕೆಂಪು ಅಂದರೆ ಪ್ರೀತಿ, ನೀಲಿ ಅಂದರೆ ದುಃಖ, ಬಿಳಿ ಅಂದರೆ ವೈರಾಗ್ಯ ಅಂತ ನೆಟ್‌ನಲ್ಲಿ ಒಂದು ಪಟ್ಟಿ ಸಿಕ್ಕಿತು. ಅದರ ಪ್ರಕಾರ ಅಜ್ಜಿಗೆ ಬಿಳಿ ಸೀರೆ, ಮೊಮ್ಮಗಳಿಗೆ ಕೆಂಪು, ಅವಳು ಅಳುವ ಕೋಣೆಗೆ ನೀಲಿ ಗೋಡೆ ಅಂದುಕೊಂಡಿದ್ದೇವೆ. ಸರಿನಾ?

ಉತ್ತರ: ಆ ಪಟ್ಟಿ ಪಕ್ಕಕ್ಕಿಡಿ. ಆ ಕಾಲದ ಅಂಥ ಮನೆಗಳಲ್ಲಿ ತಲೆ ಬೋಳಿಸಿಕೊಂಡ ಮಡಿ ಹೆಂಗಸರು ಉಡುತ್ತಿದ್ದುದು ಕೆಂಪು ಸೀರೆ. ಇನ್ನು ಧಾರೆ ಸೀರೆ ನಮ್ಮಲ್ಲಿ ಎಷ್ಟೋ ಕಡೆ ಕೆಂಪಂಚಿನ ಬಿಳಿ ಸೀರೆ. ಅಂದರೆ ನಿಮ್ಮ ಪಟ್ಟಿ ಇಲ್ಲಿ ಪೂರ್ತಿ ತಲೆಕೆಳಗು! ಆ ಮನೆಯ ಹಿರಿಯರನ್ನು ಒಂದು ಮಾತು ಕೇಳಿ ಖಾತ್ರಿ ಮಾಡಿಕೊಳ್ಳಿ. ನೀಲಿ ಗೋಡೆಯೂ ಹಾಗೆಯೇ. ಸುಣ್ಣಕ್ಕೆ ನೀಲಿ ಬೆರೆಸಿ ಬಳಿಯುವುದು ಹಳೇ ಮನೆಗಳಲ್ಲಿ ಮಾಮೂಲು. ಅದನ್ನು ನೋಡಿ ಯಾರಿಗೂ ಅಳು ಬರುವುದಿಲ್ಲ.

ಬಣ್ಣಕ್ಕೆ ಅರ್ಥ ಕೊಡಬೇಕಾದ್ದು ನಿಮ್ಮ ಕಥೆ. ಜಪಾನಿನ ನಿರ್ದೇಶಕ ಕುರೊಸಾವಾ ಅವರ ‘ರಾನ್’ (1985) ಸಿನಿಮಾ ನೋಡಿ. ಎಮಿ ವಾಡಾ ಅದರ ಉಡುಪಿಗೆ ಆಸ್ಕರ್ ಪಡೆದರು. ಅದರಲ್ಲಿ ಮುದಿ ದೊರೆಯೊಬ್ಬನ ಮೂವರು ಗಂಡುಮಕ್ಕಳಿಗೆ, ಅವರ ಸೈನ್ಯಕ್ಕೆ ಹಳದಿ, ಕೆಂಪು, ನೀಲಿ. ಹಳದಿ ಅಂದರೆ ಹೊಟ್ಟೆಕಿಚ್ಚಾ ಅಂತೆಲ್ಲ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಯುದ್ಧದ ಗದ್ದಲದಲ್ಲಿ ಯಾರು ಯಾರ ಕಡೆ ಅಂತ ಗೊತ್ತಾಗಬೇಕು, ಮೊದಲು ಅಷ್ಟೇ. ಅಪ್ಪ ಇರುವ ಕೋಟೆಗೆ ಹಳದಿ ಬಾವುಟ, ಕೆಂಪು ಬಾವುಟ ಒಟ್ಟಿಗೆ ನುಗ್ಗುತ್ತವೆ. ಬಹಳ ಹೊತ್ತು ಕೂಗಾಟವಿಲ್ಲ, ಕತ್ತಿಯ ಸದ್ದಿಲ್ಲ, ಬರೀ ಸಂಗೀತ. ಇಬ್ಬರು ಮಕ್ಕಳೂ ಸೇರಿಕೊಂಡು ಬಂದಿದ್ದಾರೆ ಅಂತ ಹೇಳುವುದು ಬಾವುಟಗಳೇ. ಆಮೇಲೆ ಉರಿಯುವ ಕೋಟೆಯಿಂದ ಅಪ್ಪ ಮಾಸಲು ಬಿಳಿ ಬಟ್ಟೆಯಲ್ಲಿ ಇಳಿದು ಬರುತ್ತಾನೆ, ಎರಡು ಬಣ್ಣದ ಸೈನಿಕರೂ ಸರಿದು ದಾರಿ ಬಿಡುತ್ತಾರೆ. ಅವನ ಪಾಲಿಗೆ ಒಂದು ಬಣ್ಣವೂ ಉಳಿದಿಲ್ಲ.

ನೀವೂ ಒಂದು ನಿಯಮ ಹಾಕಿಕೊಳ್ಳಿ. ಕೆಂಪು ಅಜ್ಜಿಗೆ ಮಾತ್ರ. ಕೆಂಪು ಕ್ಯಾಲೆಂಡರ್, ಕೆಂಪು ಟವೆಲ್, ಹಿತ್ತಲ ದಾಸವಾಳ, ಎಲ್ಲ ಫ್ರೇಮಿನಿಂದ ಆಚೆ. ಕೊನೆಗೆ ಮೊಮ್ಮಗಳು ಧಾರೆ ಸೀರೆ ಉಟ್ಟು ಬಂದಾಗ ಆ ಸಣ್ಣ ಕೆಂಪಂಚು ನೋಡಿ ಎದೆ ಧಸಕ್ ಅನ್ನಬೇಕು. ಅವಳ ಹಣೆಯ ಕುಂಕುಮ ಇರಲಿ. ಅಜ್ಜಿಗೆ ಮೈತುಂಬ ಕೆಂಪು, ಹಣೆ ಮಾತ್ರ ಖಾಲಿ. ಇದಕ್ಕೆ ಡೈಲಾಗ್ ಬೇಕಾ?

ಪ್ರಶ್ನೆ: ಮೈ ಜುಮ್ಮೆಂದಿತು ಮೇಡಂ. ಆದರೆ ಆ ಮನೆಯ ನೆಲವೇ ಪೂರ್ತಿ ಕೆಂಪು, ರೆಡ್ ಆಕ್ಸೈಡ್ ಗಾರೆ. ಏನು ಮಾಡೋಣ?

ಉತ್ತರ: ಇದನ್ನಲ್ಲವೇ ಮೊದಲು ಹೇಳಬೇಕಾದ್ದು! ಅಜ್ಜಿ ನೆಲದ ಮೇಲೆ ಕೂತರೆ ಸೀರೆ ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದಿಲ್ಲ. ಕಿಟಕಿಯ ಬಿಸಿಲು ಆ ನೆಲಕ್ಕೆ ಬಿದ್ದರೆ ಗಲ್ಲ, ಕುತ್ತಿಗೆಗೆ ಕೆಳಗಿನಿಂದ ಕೆಂಪು ಹೊಡೆಯುತ್ತದೆ. ಕೂರುವ ಜಾಗಕ್ಕೆ ಹಳೇ ಚಾಪೆ ಹಾಸಿ. ಫ್ರೇಮಿನ ಹೊರಗಿನ ನೆಲಕ್ಕೆ ಕಪ್ಪು ಬಟ್ಟೆ ಹರಡಿ. ಅಜ್ಜಿಯ ಹಿಂದೆ ಆ ನೀಲಿ ಸುಣ್ಣದ ಗೋಡೆ ಬರಲಿ, ಅದರ ಎದುರು ಕೆಂಪು ಎದ್ದು ಕಾಣುತ್ತದೆ. ಅಂಗಡಿಯಿಂದ ತಂದ ಹೊಸ ಕೆಂಪು ಮಾತ್ರ ಬೇಡ. ಒಗೆದು ಒಗೆದು ಬಣ್ಣ ಕುಂದಿದ ಹತ್ತಿ ಸೀರೆ ಹುಡುಕಿ.

ಪ್ರಶ್ನೆ (ಗುಂಪಿನ ಇನ್ನೊಬ್ಬರು): ಇಷ್ಟೆಲ್ಲ ಯಾಕೆ ಮೇಡಂ, ಡಿಐನಲ್ಲಿ, ಅಂದರೆ ಶೂಟಿಂಗ್ ಆದಮೇಲೆ ಕಂಪ್ಯೂಟರಿನಲ್ಲಿ ಬಣ್ಣ ತಿದ್ದುವಾಗ, ನೆಲದ ಬಣ್ಣ ಇಳಿಸಬಹುದಲ್ವಾ?

ಉತ್ತರ: ಇಳಿಸಬಹುದು. ಆದರೆ ನಮ್ಮ ಮೈಬಣ್ಣವೂ ಕೆಂಪು, ಕಿತ್ತಳೆಯ ಬಳಗದ್ದೇ. ನೆಲ ಇಳಿಸಲು ಹೋದರೆ ಸೀರೆಯೂ ಹೋಗುತ್ತದೆ, ಮುಖವೂ ಬೂದಿ ಬಳಿದ ಹಾಗಾಗುತ್ತದೆ. ಹಾಗಾಗಬಾರದು ಅಂದರೆ ಶಾಟ್ ಶಾಟಿಗೂ ಮಾಸ್ಕ್ ಹಾಕಿ ನೆಲವನ್ನಷ್ಟೇ ಬೇರೆಯಾಗಿ ಬಿಡಿಸಬೇಕು, ಆ ದುಡ್ಡಿಗೆ ಎಷ್ಟು ಚಾಪೆ ಬರುತ್ತದೆ ಲೆಕ್ಕ ಹಾಕಿ.

ಪ್ರಶ್ನೆ: ಕೊನೆಯದು ಮೇಡಂ. ನಮ್ಮ ಧಾರೆ ಸೀರೆ ಹತ್ತಿಯದು. ಕ್ಯಾಮೆರಾದಲ್ಲಿ ಅದರ ಬಿಳಿ ಜಾಸ್ತಿ ಹೊಡೆಯುತ್ತಿದೆ.

ಉತ್ತರ: ಟೀ ನೀರಿನಲ್ಲಿ ಅದ್ದಿ. ಸಿನಿಮಾದವರ ಹಳೇ ಉಪಾಯ. ಹಾಲು ಸಕ್ಕರೆ ಇಲ್ಲದ ಡಿಕಾಕ್ಷನ್, ಚೆನ್ನಾಗಿ ಸೋಸಿ. ಚರಟ ಉಳಿದರೆ ಚುಕ್ಕಿ ಚುಕ್ಕಿ ಕಲೆ ಗ್ಯಾರಂಟಿ. ಬಕೆಟ್ ನೀರಿಗೆ ಬೆರೆಸಿ. ಸೀರೆಯನ್ನು ಮೊದಲು ಬರೀ ನೀರಿನಲ್ಲಿ ನೆನೆಸಿ ಹಿಂಡಿ, ಆಮೇಲೆ ಟೀ ನೀರಿಗೆ ಹಾಕಿ ಕೈಯಾಡಿಸುತ್ತಲೇ ಇರಿ. ಒದ್ದೆಯಲ್ಲಿ ಕಂಡದ್ದಕ್ಕಿಂತ ಒಣಗಿದ ಮೇಲೆ ಬಣ್ಣ ತಿಳಿಯಾಗುತ್ತದೆ, ಅದಕ್ಕೇ ಒಣಗಿಸಿ ನಿಮ್ಮ ಲೈಟಿನಲ್ಲೇ ಕ್ಯಾಮೆರಾ ಇಟ್ಟು ನೋಡಿ. ಇದಕ್ಕೆಲ್ಲ ಮುಂಚೆ ಅಂಚಿನ ಕೆಂಪನ್ನು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ. ಬಣ್ಣ ಬಿಟ್ಟರೆ ಟೀ ಸಹವಾಸವೇ ಬೇಡ. ನಿಮ್ಮಲ್ಲೇ ಯಾರದ್ದಾದರೂ ಅಮ್ಮನ ಟ್ರಂಕಿನಲ್ಲಿ ತಾನಾಗಿ ಹಳದಿಗೆ ತಿರುಗಿದ ಧಾರೆ ಸೀರೆ ಇರುತ್ತದೆ, ಅದನ್ನೇ ಕೇಳಿ ತನ್ನಿ.